ಕಿತ್ತಳೆ ಪುಡಿ

ಮಗಳನ್ನು ಮಣ್ಣು ಮಾಡಿ ಬಂದ ದಿನ ನನ್ನ ಅಳಿಯ ಓಣಿಯ ನಲ್ಲಿಯ ಹತ್ತಿರ ಕೈಕಾಲು ತೊಳೆದುಕೊಳ್ಳುತ್ತ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದ: “ಅವರಮ್ಮನ ಮನೆ ಒಲೆ ಹೊಗೆ ಕುಡಿದೂ ಕುಡಿದೂ ಎದೆ ಹಾಳ್ಮಾಡ್ಕೊಂಡ್ಲು. ನಾನು ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ, ತವರಿಗೆ ಓಡೋಳು.”

ನಾನು ಒಳಗೆ ಗೋಡೆಗೊರಗಿ ಕೂತಿದ್ದೆ. ಅವರೆಲ್ಲ ಒಬ್ಬೊಬ್ಬರಾಗಿ ಬಾಗಿಲಲ್ಲಿ ಇಣುಕಿ ನನ್ನ ಒಲೆಯನ್ನು, ಅದರ ಮೇಲಿನ ಕಪ್ಪುಗಟ್ಟಿದ ಗೋಡೆಯನ್ನು ನೋಡಿದರು. ಅಂದಿನಿಂದ ನಾನು ಆ ಒಲೆಗೆ ಕಡ್ಡಿ ಗೀರಿಲ್ಲ. ಮೂಲೆಯಲ್ಲೊಂದು ಸೀಮೆಎಣ್ಣೆ ಸ್ಟೋವ್ ಇಟ್ಟುಕೊಂಡು ಒಂದು ಹೊತ್ತಿಗೆ ಬೇಯಿಸಿಕೊಳ್ಳುತ್ತಿದ್ದೆ. ತಣ್ಣಗೆ ಬಿದ್ದ ಒಲೆಯನ್ನು ದಿನಾ ನೋಡುತ್ತಿದ್ದೆ. ಅವನು ಆಡಿದ ಮಾತನ್ನು ಅವನೇ, ಅದೇ ನಲ್ಲಿಯ ಹತ್ತಿರ ನಿಂತು, ನುಂಗಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಎಷ್ಟು ಕಾಯಬೇಕಾದರೂ ಸರಿ.

ಮಗಳು ಕುಡಿದ ಹೊಗೆ ಯಾವುದೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಮ್ಮ ಓಣಿ ಇರುವುದು ಸುಣ್ಣದ ಕಾರ್ಖಾನೆಯ ಗೋಡೆಗೆ ಅಂಟಿಕೊಂಡು. ಅಲ್ಲಿ ಕಲ್ಲನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಾರೆ. ಗೂಡಿನಿಂದ ಹೊರಡುವ ಬಿಸಿಗಾಳಿಯ ತುಂಬ ಹಿಟ್ಟಿನಂಥ ಧೂಳು. ಅದು ನೇರ ಚಿಮಣಿಗೆ ಹೋಗಬಾರದೆಂದು ನಡುವೆ ಒಂದು ತಗಡಿನ ಕಟ್ಟಡವಿದೆ. ನಾವು ಚೀಲದ ಮನೆ ಎನ್ನುತ್ತೇವೆ. ಒಳಗೆ ಆಳೆತ್ತರಕ್ಕೂ ಮೀರಿದ ಬಟ್ಟೆಯ ಚೀಲಗಳು ಸಾಲಾಗಿ ನೇತಾಡುತ್ತವೆ. ಗಾಳಿ ಬಟ್ಟೆಯಲ್ಲಿ ನುಸುಳಿ ಮೇಲೆ ಹೋಗುತ್ತದೆ, ಧೂಳು ಚೀಲದ ಹೊರಮೈಗೆ ಅಂಟಿ ಉಳಿಯುತ್ತದೆ. ಆಗಾಗ ಚೀಲಗಳಿಗೆ ಒಳಗಿಂದ ಗಾಳಿಯ ಗುದ್ದು ಕೊಟ್ಟರೆ ಧೂಳು ಕೆಳಗಿನ ದೊಡ್ಡ ಆಲಿಕೆಗೆ ಉದುರುತ್ತದೆ. ಆ ಚೀಲಗಳನ್ನು ಹೊಲಿಯುವವಳು ನಾನು. ಹೊಲಿಗೆ ಒಂದೆಡೆ ಬಾಯಿ ಬಿಟ್ಟರೂ ಅಲ್ಲಿಂದಲೇ ಧೂಳು ನುಗ್ಗುತ್ತದೆ. ಹಾಗಾಗಿ ನನ್ನ ಕೈ ನಿಧಾನ, ನನ್ನ ಹೊಲಿಗೆ ಜೋಡಿ ಹೊಲಿಗೆ.

ಆದರೆ ಚೀಲದ ಮನೆಗೆ ಬರುವ ಕೊಳವೆಗೆ ಒಂದು ಕವಲುಂಟು. ಅದು ಚೀಲಗಳ ಗೊಡವೆಯೇ ಇಲ್ಲದೆ ನೆಟ್ಟಗೆ ಚಿಮಣಿಗೆ ಹೋಗುತ್ತದೆ. ಅದರ ಬೈಪಾಸ್ ಬಾಗಿಲನ್ನು ಏನಾದರೂ ಅನಾಹುತವಾದಾಗ ಮಾತ್ರ ತೆಗೆಯಬೇಕು. ನನ್ನ ಅಳಿಯ ಮಂಜು ಬಿದ್ದ ಬೆಳಗುಗಳಲ್ಲಿ ತೆಗೆಯುತ್ತಿದ್ದ. ಮಂಜಿನ ತೇವಕ್ಕೆ ಸುಣ್ಣ ಚೀಲಕ್ಕೆ ಗಾರೆಯಂತೆ ಮೆತ್ತಿಕೊಳ್ಳುತ್ತದೆ, ಗಾಳಿ ಎಳೆಯುವುದಿಲ್ಲ, ಗೂಡಿನ ಉರಿ ಮಂದವಾಗುತ್ತದೆ. ಬಾಗಿಲು ತೆಗೆದರೆ ಗೂಡು ಧಗಧಗ, ಸುಣ್ಣವೂ ಹೆಚ್ಚು. ಬಿಳಿ ಮಂಜಿನಲ್ಲಿ ಬಿಳಿ ಧೂಳು ಯಾರ ಕಣ್ಣಿಗೆ ಬಿದ್ದೀತು? ಹಾಗೆ ಸುಣ್ಣ ಇಳಿಸಿ ಇಳಿಸಿಯೇ ಅವನು ಗುಂಡಿ ಒತ್ತುವ ಕೆಲಸದಿಂದ ಮೇಲ್ವಿಚಾರಕನಾದದ್ದು.

ಅವರ ಮನೆ ಆಗ ಓಣಿಯ ಮೊದಲನೆಯದು, ಗೋಡೆಯ ಬುಡದಲ್ಲೇ. ಮಗಳು ಒಣಗಿದ ಹೊದಿಕೆಯ ಮೇಲೆ ಬೆರಳಾಡಿಸಿ ನನಗೆ ತೋರಿಸುತ್ತಿದ್ದಳು. “ಅಮ್ಮಾ, ಇವತ್ತೂ ಬಾಗ್ಲು ತೆಗೆದಿದಾರೆ ನೋಡು.” ಗಂಡನನ್ನು ಕೇಳಿದರೆ ಅವನದು ಒಂದೇ ಉತ್ತರ: “ಅದು ಬೀದಿ ಧೂಳು ಕಣೆ. ಗುಡಿಸ್ಕೋ.” ಚಿಮಣಿಯಿಂದ ಬರುವುದು ಹೊಗೆಯಲ್ಲವಂತೆ, ಆವಿಯಂತೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ.

ಅವಳು ಹೋದ ಮೇಲೆ ಅವನು ಗುಡ್ಡದ ಮೇಲಿನ ಕ್ವಾರ್ಟರ್ಸಿಗೆ ಹೋದ, ಇನ್ನೊಂದು ಮದುವೆಯಾದ. ಗಾಳಿ ಗುಡ್ಡದ ಕಡೆ ತಿರುಗಿದ ದಿನ ಎಂಥ ಮಂಜಿದ್ದರೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದರೆ ಇದೇ. ನನ್ನನ್ನು ಕಾರ್ಖಾನೆಯಲ್ಲಿ ಕಂಡರೆ ‘ಅತ್ತೆ’ ಎನ್ನುವುದು ನಿಂತುಹೋಯಿತು. ‘ಟೈಲರಮ್ಮ’ ಆದೆ.

ನನ್ನ ಜೊತೆ ಚೀಲ ನೇತುಹಾಕುವ ಫಿಟ್ಟರನ್ನು ಎಲ್ಲರೂ ಸ್ಪಾನರಣ್ಣ ಅನ್ನುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸ್ಪಾನರ್ ಸಿಕ್ಕಿಸಿಕೊಳ್ಳುವ ಮನುಷ್ಯ. ಹೊಸ ಚೀಲ ಹಾಕಿದಾಗಲೆಲ್ಲ ನಾವಿಬ್ಬರೂ ಒಂದು ಪರೀಕ್ಷೆ ಮಾಡುತ್ತಿದ್ದೆವು. ಕೊಳವೆಯ ಪಕ್ಕದ ಸಣ್ಣ ಮುಚ್ಚಳ ತೆಗೆದು ಕಿತ್ತಳೆ ಬಣ್ಣದ ಪುಡಿ ಹಿಡಿದರೆ ಸಾಕು, ಒಳಗಿನ ಗಾಳಿಯೇ ಅದನ್ನು ಕೈಯಿಂದ ಸೆಳೆದುಕೊಳ್ಳುತ್ತದೆ. ಯಾವ ಚೀಲ ಸೋರಿದರೂ ಅದರ ಬಾಯಿಯ ಹತ್ತಿರ ಕಿತ್ತಳೆ ಕಲೆ ಕಾಣುತ್ತದೆ. ಆ ಮುಚ್ಚಳ ಇರುವುದು ಕವಲಿಗಿಂತ ಮೊದಲು. ಇದು ನನ್ನ ತಲೆಯಲ್ಲಿ ಬಹಳ ಕಾಲ ಸುಮ್ಮನೆ ಕೂತಿತ್ತು. ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬಾಯಿಗೆ ಬಂತು.

“ಸ್ಪಾನರಣ್ಣ, ಮಂಜು ಬಿದ್ದ ದಿನ ಈ ಪುಡಿ ಹಾಕಿದ್ರೆ?”

ಅವನು ಅಗಿಯುವುದನ್ನು ನಿಲ್ಲಿಸಿದ. “ಬೈಪಾಸ್ ಮುಚ್ಚಿದ್ರೆ ಚೀಲಕ್ಕೆ ಬರುತ್ತೆ.”

“ತೆಗೆದಿದ್ರೆ?”

“ತೆಗೆದಿದ್ರೆ...” ಎಂದು ಚಿಮಣಿಯ ತುದಿ ನೋಡಿದ. “ಅಕ್ಕಾ, ನಿನ್ನ ನೋಡಿದ್ರೆ ಇರುವೆ ಮೇಲೂ ಕಾಲಿಡದೋಳು ಅನ್ಸುತ್ತೆ.”

“ಅಳಿಯಂದ್ರು ಸಾಚಾ ಆಗಿದ್ರೆ ಏನೂ ಆಗಲ್ಲ. ಪುಡಿ ಆಲಿಕೆಗೆ ಬೀಳುತ್ತೆ. ಪರೀಕ್ಷೆ ಮಾಡೋದು ನಮ್ಮ ಕೆಲಸ ತಾನೇ?”

“ಬೀಳೋದು ನಿಮ್ಮ ಓಣಿ ಮೇಲೇ ಕಣಕ್ಕ.”

“ದಿನಾ ಬೀಳೋದಕ್ಕೆ ಬಣ್ಣ ಇಲ್ಲ, ಅಷ್ಟೇ. ಈ ಪುಡೀಲಿ ವಿಷ ಇದೆಯಾ?”

“ಬಣ್ಣದ ಸೀಮೆಸುಣ್ಣ ಇದ್ದ ಹಾಗೆ. ಸುಣ್ಣಕ್ಕಿಂತ ಸಾಧು.” ಅವನು ಬುತ್ತಿ ಮುಚ್ಚಿದ. “ಕೆಲಸ ಕಿತ್ಕೊಂಡ್ರೆ ಮನೇಲಿ ಕೂತು ಹೆಂಡ್ತಿ ಬೈಗುಳ ತಿನ್ಬೇಕು. ಇಲ್ಲಿ ಧೂಳು ತಿನ್ನೋದಕ್ಕಿಂತ ಅದೇ ವಾಸಿ. ಹಾಕೋಣ ಬಿಡು.”

ಹಳೆಯ ಡಬ್ಬಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಟ್ಟುಮಾಡಿದೆವು. ಮೊದಲ ಮಂಜಿನ ಬೆಳಗ್ಗೆ ಅದರಲ್ಲಿ ಅರ್ಧ ಹಾಕಿ, ನಾನು ಓಣಿಗೆ ಬಂದು ಕಾದೆ. ಮಂಜು ಕರಗಿತು. ತಗಡು, ನಲ್ಲಿ, ಒಣಗಿಸಿದ ಬಟ್ಟೆ, ಎಲ್ಲ ಇದ್ದ ಹಾಗೇ ಇತ್ತು. ಕಾರ್ಖಾನೆಗೆ ಮರಳಿ ನೋಡಿದರೆ ಆಲಿಕೆಯಲ್ಲಿ ಕಿತ್ತಳೆ ಬಣ್ಣದ ಸುಣ್ಣ ಬಿದ್ದಿತ್ತು. ಬಾಗಿಲು ಮುಚ್ಚಿಯೇ ಇತ್ತು!

ಅವತ್ತು ನನಗೆ ಆದಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ. ಇವನು ಈಗ ಒಳ್ಳೆಯವನಾಗಿಬಿಟ್ಟರೆ ಗತಿಯೇನು? ಅವನು ತಪ್ಪು ಮಾಡಲಿ, ಇನ್ನೊಂದೇ ಒಂದು ಸಲ ಮಾಡಲಿ ಎಂದು ಬೇಡಿಕೊಳ್ಳುತ್ತ ಹೊಲಿಗೆ ಮಿಷನ್ ತುಳಿದೆ.

ಅವನು ಒಳ್ಳೆಯವನಾಗಿರಲಿಲ್ಲ. ಹೇಗೂ ಬದಲಿಸಬೇಕಿದ್ದ ಹಳೆಯ ಚೀಲಗಳು ಸುಣ್ಣ ಮೆತ್ತಿ ಹಾಳಾದರೂ ಅವನಿಗೆ ಚಿಂತೆಯಿರಲಿಲ್ಲ, ಅಷ್ಟೇ. ಸ್ವಲ್ಪ ದಿನಕ್ಕೆ ಅವನ್ನೆಲ್ಲ ತೆಗೆದು, ನಾನು ಹೊಲಿದ ಹೊಸ ಚೀಲಗಳನ್ನು ಹಾಕಿದೆವು. ಅವನೇ ಬಂದು ನೋಡಿದ. ಬಟ್ಟೆಯನ್ನು ಹಿಸುಕಿ ನೋಡಿ, “ಟೈಲರಮ್ಮ, ಈ ಸಲ ಚೆನ್ನಾಗಿ ಬಾಳಿಕೆ ಬರ್ಬೇಕು. ಯಜಮಾನ್ರು ನನ್ನ ತಲೆ ತಿಂತಾರೆ” ಎಂದ.

“ನೀವು ನೋಡ್ಕೊಂಡ ಹಾಗೆ ಬರುತ್ತೆ” ಎಂದೆ.

ಹೊಸ ಚೀಲ ಉಳಿಸಬೇಕು, ಸುಣ್ಣವೂ ಇಳಿಯಬೇಕು. ಮುಂದಿನ ಮಂಜಿಗೆ ಅವನು ಏನು ಮಾಡುತ್ತಾನೆಂದು ಈಗ ನನಗೆ ಅನುಮಾನವಿರಲಿಲ್ಲ.

ಆ ಬೆಳಗ್ಗೆ ಮಂಜು ಹಾಲು ಚೆಲ್ಲಿದ ಹಾಗಿತ್ತು. ಗಾಳಿ ಓಣಿಯ ಕಡೆಗೇ. ಹೊರಡುವ ಮೊದಲು ಮಗಳ ಬಿಳಿ ಹೊದಿಕೆಯನ್ನು ಪೆಟ್ಟಿಗೆಯಿಂದ ತೆಗೆದು ಹಗ್ಗಕ್ಕೆ ಹಾಕಿದೆ. ಪಕ್ಕದ ಮನೆಯಾಕೆ ನೋಡಿದಳು. ಅವಳಿಗೆ ಹೇಳಿದ್ದು ಊರಿಗೆಲ್ಲ ಬಿತ್ತರವಾಗುವುದರಿಂದ ನಾವು ರೇಡಿಯೋ ಅಕ್ಕ ಎನ್ನುತ್ತಿದ್ದೆವು.

“ಈ ಮಂಜಲ್ಲಿ ಬಟ್ಟೆ ಒಣಗುತ್ತಾ? ತಲೆ ಕೆಟ್ಟಿದೆಯಾ?”

“ನೀನೂ ಹಾಕು. ಬಿಳೀದು ಎಷ್ಟಿದೆಯೋ ಎಲ್ಲ ಹಾಕು. ಮಕ್ಕಳನ್ನ ಒಳಗೇ ಇಟ್ಕೋ, ಕಿಟಕಿ ಮುಚ್ಚು. ಯಾಕೆ ಅಂತ ಕೇಳ್ಬೇಡ.”

ಯಾಕೆ ಎಂದು ಕೇಳಬೇಡ ಎಂದರೆ ಅವಳಿಗೆ ಅಷ್ಟೇ ಸಾಕು. ನಾನು ಕಾರ್ಖಾನೆಯ ಗೇಟು ಮುಟ್ಟುವುದರೊಳಗೆ ಓಣಿಯ ತುಂಬ ಕಿಟಕಿ ಮುಚ್ಚುವ ಸದ್ದು.

ಸ್ಪಾನರಣ್ಣ ಮುಚ್ಚಳ ಬಿಚ್ಚಿದ. ನಾನು ಡಬ್ಬ ಬಗ್ಗಿಸಿದೆ. ಗಾಳಿ ಹಸಿದ ದನದಂತೆ ಎಳೆದುಕೊಂಡಿತು. ಕೊನೆಯ ಡಬ್ಬವನ್ನೂ ತಳ ತಟ್ಟಿ ಕೊಡವಿದೆ.

ಮಂಜು ಸರಿದಾಗ ಓಣಿಯೇ ಹಣ್ಣಾದಂತಿತ್ತು. ತಗಡಿನ ಮೇಲಿನ ಹನಿಗಳೆಲ್ಲ ಕಿತ್ತಳೆ, ಹಗ್ಗದ ಬಟ್ಟೆಗಳಿಂದ ಕಿತ್ತಳೆ ನೀರು ತೊಟ್ಟಿಕ್ಕುತ್ತಿತ್ತು. ಬಿಳಿ ನಾಯಿ ಬಣ್ಣ ಬದಲಿಸಿಕೊಂಡು ತನ್ನ ಬಾಲವನ್ನೇ ಬೊಗಳುತ್ತಿತ್ತು. ರೇಡಿಯೋ ಅಕ್ಕ ಬೀದಿಯ ನಡುವೆ ನಿಂತು ಕೂಗಿದಳು: “ಏನ್ರೇ, ಇದೂ ಬೀದಿ ಧೂಳೇನ್ರೇ?”

ಹೆಂಗಸರು ಹೊದಿಕೆಗಳನ್ನು ಹೆಗಲಿಗೆ ಹಾಕಿಕೊಂಡು ಗೇಟಿಗೆ ಹೋದರು. ಯಾರೋ ಮಾಲಿನ್ಯದ ಆಫೀಸಿಗೆ ಫೋನ್ ಮಾಡಿದರು. ಯಜಮಾನರು ಬಂದಾಗ ರಸ್ತೆಯಲ್ಲಿ ಓಡಾಡುವವರೆಲ್ಲ ನಿಂತು ನೋಡುತ್ತಿದ್ದರು. ಅಳಿಯ ಅವರ ಹತ್ತಿರ ಓಡಿ ಬಂದ.

“ಚೀಲ ಹರಿದಿದೆ ಸರ್. ಹೊಲಿಗೆ ಸರಿ ಇಲ್ಲ” ಎಂದ.

ಅದನ್ನೇ ಹೇಳುತ್ತಾನೆಂದು ನಾನು ಕಾದಿದ್ದೆ. “ಬನ್ನಿ ಸರ್, ನೋಡೋಣ” ಎಂದೆ.

ಸ್ಪಾನರಣ್ಣ ಚೀಲದ ಮನೆ ತೆಗೆದ. ಟಾರ್ಚ್ ಹಿಡಿದು ಒಂದೊಂದು ಸಾಲನ್ನೂ ನೋಡಿದರು. ಚೀಲಗಳ ಬಾಯಲ್ಲಿ ಕಿತ್ತಳೆ ಇರಲಿಲ್ಲ. ಹೊರಮೈಯಲ್ಲಿಯೂ ಇರಲಿಲ್ಲ, ಆಲಿಕೆಯಲ್ಲಿಯೂ ಇರಲಿಲ್ಲ. ಪುಡಿ ಅತ್ತ ಬಂದೇ ಇರಲಿಲ್ಲ. ಮಾಲಿನ್ಯದ ಆಫೀಸಿನಿಂದ ಬಂದವರು ಬೈಪಾಸ್ ಕವಲಿನ ತಗಡು ಬಿಚ್ಚಿಸಿದರು. ಒಳಗೆ ಬೆರಳಾಡಿಸಿದವರ ಬೆರಳು ಕಿತ್ತಳೆಯಾಯಿತು.

“ನನಗೇನೂ ಗೊತ್ತಿರ್ಲಿಲ್ಲಪ್ಪ” ಎಂದರು ಯಜಮಾನರು. ಅವರಿಗೆ ಗೊತ್ತಿತ್ತೋ ಇಲ್ಲವೋ, ನನ್ನ ಜಗಳ ಅವರ ಜೊತೆ ಇರಲಿಲ್ಲ. ನಾಳೆ ಎಲ್ಲರ ಹೇಳಿಕೆ ತೆಗೆದುಕೊಳ್ಳುವುದೆಂದಾಯಿತು.

ಇಳಿಹೊತ್ತಿಗೆ ಅವನು ನನ್ನ ಬಾಗಿಲಿಗೆ ಬಂದ. ಎಷ್ಟೋ ವರ್ಷಗಳ ಮೇಲೆ.

“ಅತ್ತೇ.”

“ಓ, ಅಳಿಯಂದ್ರು. ಬನ್ನಿ. ದಾರಿ ನೆನಪಿತ್ತಾ?”

ಅವನು ಹೊಸಿಲಲ್ಲೇ ನಿಂತ. “ಅತ್ತೆ, ನಾಳೆ ನೀವು ಒಂದ್ ಮಾತು ಹೇಳಿದ್ರೆ ನಾನು ಉಳ್ಕೋತೀನಿ. ಬೈಪಾಸ್ ಬಾಗ್ಲೂ ನಾವೇ ತೆಗೆದ್ವಿ, ನನ್ನ ಮೇಲಿನ ಕೋಪಕ್ಕೆ ಅಂತ ಹೇಳಿ. ವಯಸ್ಸಾದೋರು, ನಿಮಗೆ ಯಾರೂ ಏನೂ ಮಾಡಲ್ಲ. ನನಗೆ ಕೆಲಸ ಹೋಗುತ್ತೆ, ಜೈಲೂ ಆಗ್ಬಹುದು.”

ನಾನು ಎದ್ದು ಅವನಿಗೆ ಒಂದು ಲೋಟ ನೀರು ಕೊಟ್ಟೆ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ.

“ನನ್ನ ಮಗಳು ಯಾವ ಹೊಗೆ ಕುಡಿದು ಸತ್ಲು?”

ಅವನು ಲೋಟ ನೋಡುತ್ತ ಪಿಸುಗುಟ್ಟಿದ: “ಗೂಡಿಂದು.”

“ಇಲ್ಲಲ್ಲ. ನಲ್ಲಿ ಹತ್ತಿರ ಹೋಗಿ ಹೇಳಿ. ಆವತ್ತು ನಿಂತಿದ್ರಲ್ಲ, ಅಲ್ಲೇ.”

ಅವನು ಓಣಿಯತ್ತ ನೋಡಿದ. ಹೆಂಗಸರು ಕೊಡ ಇಟ್ಟುಕೊಂಡು ಸಾಲು ನಿಂತಿದ್ದರು. ಲೋಟವನ್ನು ಹೊಸಿಲ ಮೇಲಿಟ್ಟ. ಆಮೇಲೆ ಹೋದ. ನಲ್ಲಿಯ ಹತ್ತಿರ ನಿಂತು ಹೇಳಿದ: “ಅವಳು ಒಲೆ ಹೊಗೆಗೆ ಸತ್ತಿದ್ದಲ್ಲ. ಬೈಪಾಸ್ ಬಾಗ್ಲು ನಾನೇ ತೆಗೀತಿದ್ದೆ. ಅವಳು ಬೇಡ ಅಂದ್ರೂ ತೆಗೀತಿದ್ದೆ. ಅತ್ತೆ ಮೇಲೆ ಹಾಕಿದ್ದು ಸುಳ್ಳು.”

ನಲ್ಲಿಯ ನೀರು ಕೊಡ ತುಂಬಿ ಚೆಲ್ಲುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

“ನನಗೆ ಕಿವಿ ಸ್ವಲ್ಪ ಮಂದ” ಎಂದಳು ರೇಡಿಯೋ ಅಕ್ಕ. “ಇನ್ನೊಂದ್ ಸಲ ಜೋರಾಗಿ ಹೇಳಪ್ಪ.”

ಅವನು ಇನ್ನೊಂದು ಸಲ ಹೇಳಿದ. ಓಡುತ್ತ ನನ್ನ ಬಾಗಿಲಿಗೆ ಬಂದ.

“ಹೇಳ್ದೆ ಅತ್ತೆ. ನಾಳೆ ನೀವು...”

“ನಾಳೆ ನಡೆದದ್ದು ಹೇಳ್ತೀನಿ. ಮುಚ್ಚಳ ತೆಗೆದ್ವಿ, ಪುಡಿ ಹಾಕಿದ್ವಿ, ನಿಮ್ಮ ಬಾಗ್ಲಿಂದ ಹೋಯ್ತು.”

“ಅತ್ತೆ! ನೀವು ಮಾತು ಕೊಟ್ರಿ!”

“ಎಲ್ಲಿ ಕೊಟ್ಟೆ? ಹೋಗಿ ಹೇಳಿ ಅಂದೆ, ನೀವು ಹೋದ್ರಿ. ಆಮೇಲೇನು ಅಂತ ನೀವು ಕೇಳಲೇ ಇಲ್ಲ.”

ನಾನು ಅಂಗಳದಿಂದ ಸೌದೆ ಆರಿಸಿ ತಂದೆ, ತೇವವಿದ್ದದ್ದನ್ನೇ ಆರಿಸಿದೆ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹಳೆಯ ಬೂದಿಯನ್ನು ಕೈಯಿಂದ ಬಳಿದು ತೆಗೆದು, ಕಡ್ಡಿ ಗೀರಿದೆ. ಊದುಗೊಳವೆಯಲ್ಲಿ ಊದಿದೆ. ಹೊಗೆ ಎದ್ದು ಹೊಸಿಲಿಗೆ ಹೋಯಿತು, ಅವನು ಕೆಮ್ಮಿದ.

“ಅಲ್ಲೇ ನಿಂತ್ರಾ? ಹೊಗೆ ಬರುತ್ತೆ, ಹುಷಾರು” ಎಂದೆ.

ಅವನು ಹೋಗುವುದನ್ನು ನಾನು ತಿರುಗಿ ನೋಡಲಿಲ್ಲ. ಅನ್ನದ ಪಾತ್ರೆ ಇಟ್ಟೆ. ಹೊರಗೆ ಹಗ್ಗದ ಮೇಲೆ ಮಗಳ ಹೊದಿಕೆ ಕಿತ್ತಳೆಯಾಗಿಯೇ ಇತ್ತು. ಒಗೆಯಲು ಕೊಡು ಎಂದು ರೇಡಿಯೋ ಅಕ್ಕ ಕೂಗಿದಳು. ಬೇಡ, ಅದು ಹಾಗೇ ಇರಲಿ ಎಂದೆ.