ಒಂದೇ ಕರಣೆಯ ವಿದ್ಯೆ

ಮಗಳ ಓದಿನ ಮೇಲೆ ರಾಜಾಜಿನಗರದ ಸೇತುರಾಮರಿಗಿದ್ದ ಸಿಟ್ಟಿನ ಕಾವಿಗೆ ಅವರ ಮನೆಯ ಕುಕ್ಕರ್ ಗ್ಯಾಸಿಲ್ಲದೆಯೇ ಕೂಗುತ್ತಿತ್ತು. ಜ್ಞಾನಭಾರತಿಯಲ್ಲಿ ಭೌತಶಾಸ್ತ್ರ ಓದಿದ ಮೇಧಾ, ಇಡೀ ಬ್ರಹ್ಮಾಂಡವನ್ನು ಪಕ್ಕಕ್ಕೆ ಸರಿಸಿ, ಮೃದಂಗದ ಬಲಮುಖದ ಕಪ್ಪು ಕರಣೆ ಹೇಗೆ ನಾದ ಕೊಡುತ್ತದೆ ಎಂಬುದೊಂದರ ಮೇಲೇ ಪಿಎಚ್.ಡಿ. ಮಾಡಿದ್ದಳು.

"ಕರಣೆ ಡಾಕ್ಟ್ರಿಗೆ ಯಾರಮ್ಮಾ ಕೆಲಸ ಕೊಡ್ತಾರೆ? ಮೃದಂಗಕ್ಕೇನು ಜ್ವರ ಬರತ್ತಾ?" ಎಂದು ಅಪ್ಪ ರೇಗುತ್ತಿದ್ದರು.

ಕೊನೆಗೂ ಕರೆ ಬಂದದ್ದು, ಹೊಸ ಮನೆಗಳ ಲೋಪ ಹುಡುಕಿಕೊಡುವ ಕಲ್ಮೇಶನ ಕಂಪನಿಯಿಂದ. ಸಂದರ್ಶನ ಗೋವಿಂದರಾಜನಗರದ ಹೊಸ ಮನೆಯೊಂದರಲ್ಲಿ. ನೆಲ ತಟ್ಟಿ, ಅಡಿಯಲ್ಲಿ ಸಿಮೆಂಟು ತುಂಬದೆ ಟೊಳ್ಳಾಗಿರುವ ಟೈಲುಗಳಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಸೇತುರಾಮರೂ ಹೊರಟರು, ಮಗಳು ಸೋತರೆ ವಾಪಸು ಬರುವಾಗ ಆಟೋದಲ್ಲೇ ಬೈಯಲು.

ಅದೇ ಕೆಲಸಕ್ಕೆ ಬಂದಿದ್ದ ಸಿವಿಲ್ ಎಂಜಿನಿಯರುಗಳ ದಂಡು ನೆಲ ಬಡಿದ ಬಡಿತಕ್ಕೆ ಮಾಗಡಿ ರಸ್ತೆಯ ಬಸ್ಸುಗಳು ತಾವಾಗಿಯೇ ಬ್ರೇಕ್ ಹಾಕಿಕೊಂಡವು. ದೇವರ ಮನೆಯ ಮೂಲೆಯ ಟೈಲು ಟೊಳ್ಳೆಂದು ಎಲ್ಲರೂ ಗುರುತು ಹಾಕಿದರು. ಕಲ್ಮೇಶ ಒಡೆಸಲು ಸುತ್ತಿಗೆ ತರಿಸಿದ.

ಮೇಧಾ ಬಗ್ಗಿ ಬೆರಳ ತುದಿಯಿಂದ ಒಮ್ಮೆ ತಟ್ಟಿ, ಕಣ್ಣು ಮುಚ್ಚಿದಳು.

"ಒಡೀಬೇಡಿ ಸರ್. ಬರೀ ಟೊಳ್ಳಾದ್ರೆ ಸದ್ದು ಮಂಕಾಗಿ ಸಾಯತ್ತೆ. ಇದು ಶ್ರುತಿ ಹಿಡಿದು ನಿಲ್ತಾ ಇದೆ. ಕೆಳಗೆ ಯಾವುದೋ ಲೋಹದ ಪಾತ್ರೆ ಇದೆ."

"ಪಾತ್ರೆಲಿ ಏನಿದೆ ಡಾಕ್ಟ್ರೇ, ಸಾರಾ, ಹುಳಿನಾ?" ಎಂದನೊಬ್ಬ ಎಂಜಿನಿಯರು. ದಂಡೆಲ್ಲ ನಕ್ಕಿತು. ಸೇತುರಾಮರು ತಲೆ ತಗ್ಗಿಸಿದರು.

ಬಾಗಿಲಲ್ಲಿದ್ದ ಮನೆಯೊಡತಿ ಹಾಲವ್ವನ ಕೈಯಿಂದ ಕಾಫಿ ಲೋಟ ಜಾರಿತು.

"ಯವ್ವಾ! ನಿನಗ ಹ್ಯಾಂಗ ಗೊತ್ತಾತು ತಂಗಿ? ಟೈಲ್ ಹಾಕೂ ಮುಂದ ಚಿಟಿಕಿ ನವಧಾನ್ಯ ಹಾಕಿ ತಾಮ್ರದ ಚೊಂಬು ಇಟ್ಟಾಕಿ ನಾನು. ನಮ್ಮ ಮನಿಯವರಿಗೂ ಹೇಳಿಲ್ಲ! ಒಡದಿದ್ರ ವಾಸ್ತುಶಾಂತಿ ಮತ್ತ ಮಾಡಿಸಬೇಕಾಗ್ತಿತ್ತು."

ನಗು ನಿಂತಿತು. ಸೇತುರಾಮರ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿಯೊಂದು ಹಾರಿ ವಿಜಯನಗರದಲ್ಲಿ ಬಿತ್ತು.

ಕಲ್ಮೇಶ ಸುತ್ತಿಗೆ ಕೆಳಗಿಟ್ಟ. "ಗೋಡೆ, ಪೈಪು, ಸೀಲಿಂಗು ಏನಾದ್ರೂ ಗೊತ್ತಾ?"

"ಏನೂ ಗೊತ್ತಿಲ್ಲ ಸರ್. ಆದ್ರೆ ಐದು ವರ್ಷ ಒಂದೇ ಕರಣೆಗೆ ಕಿವಿ ಕೊಟ್ಟಿದೀನಿ. ಕೇಳೋದು ಗೊತ್ತು. ಗೋಡೆ ಕಲೀತೀನಿ."

"ಸೋಮವಾರದಿಂದ ಬನ್ನಿ ಡಾಕ್ಟ್ರೇ." ಈ ಸಲ ಆ ಮಾತಿಗೆ ಯಾರೂ ನಗಲಿಲ್ಲ.

ದಾರಿಯಲ್ಲಿ ಕಲ್ಲಂಗಡಿ ರಾಶಿ ಕಂಡದ್ದೇ ಸೇತುರಾಮರು ಆಟೋ ನಿಲ್ಲಿಸಿದರು. "ನೀನು ಸುಮ್ನಿರಪ್ಪಾ," ಎಂದು ಹಣ್ಣು ತಟ್ಟಿ ನೋಡಹೊರಟ ವ್ಯಾಪಾರಿಯನ್ನು ತಡೆದರು. "ನನ್ನ ಮಗಳು ತಟ್ಟಿ ಹೇಳ್ತಾಳೆ."

"ಅಪ್ಪಾ, ಹಣ್ಣು ನನ್ನ ಸಬ್ಜೆಕ್ಟ್ ಅಲ್ಲ!"

"ಕಲೀತೀಯ ಬಿಡು," ಎಂದು ಸೇತುರಾಮರು ಇದ್ದುದರಲ್ಲೇ ದೊಡ್ಡ ಹಣ್ಣನ್ನು ಅವಳ ಕಿವಿಯ ಹತ್ತಿರ ಹಿಡಿದರು.