ಒಂಬತ್ತನೆಯ ನೆರಿಗೆ

ಫಾರ್ಕರ್ ಪತ್ರಿಕೆಯನ್ನು ಹೊಲಿಗೆ ಅಂಗಡಿಯ ಮೇಜಿನ ಮೇಲೆ ಹರಡಿ ಒಂದು ಫೋಟೋದ ಮೇಲೆ ಬೆರಳಿಟ್ಟ. ಊರಿನ ಕ್ರೀಡಾಕೂಟದಲ್ಲಿ ಹಗ್ಗ ಎಳೆದು ಗೆದ್ದವರ ಕೈ ಕುಲುಕಲು ಕಿಲ್ಟ್ ಎಂಬ ಗಂಡಸರ ನೆರಿಗೆಲಂಗ ಉಟ್ಟ ಕಿರಿಯ ರಾಜಕುಮಾರ ಬಾಗಿದ್ದ. ಫೋಟೋವನ್ನು ಅವನ ಬೆನ್ನ ಹಿಂದಿನಿಂದ ತೆಗೆದಿದ್ದರು.

"ಇಲ್ಲಿ ನೋಡಿ, ಮಿಸೆಸ್ ಮಿಲ್ನ್. ಒಂಬತ್ತನೇ ನೆರಿಗೆ."

ಎಲ್ಸ್‌ಪೆತ್ ಕನ್ನಡಕ ಸರಿಮಾಡಿಕೊಂಡು ಬಾಗಿದಳು. ಕಂಡದ್ದು ಬೂದು ಬಣ್ಣದ ಒಂದು ಮಬ್ಬು ಮಾತ್ರ. ಆದರೂ ಎಲ್ಲ ಕಂಡವಳ ಹಾಗೆ ತಲೆಯಾಡಿಸಿದಳು.

"ಕೆಂಪು ಗೆರೆ ಜಾರಿದೆ. ಬಾರ್ಲಿ ಕಾಳಿನಷ್ಟು. ನಂಗೂ ಕಂಡಿರ್ಲಿಲ್ಲ. ಅರಮನೆಯ ದೊಡ್ಡಮ್ಮಾವ್ರು ಭೂತಗನ್ನಡಿ ತರಿಸ್ಕೊಂಡು ಹುಡುಕಿದ್ರು. ತೊಂಬತ್ತೊಂದು ವಯಸ್ಸು. ಅವ್ರಿಗೆ ಬೇರೆ ಕೆಲ್ಸ ಏನಿದೆ ಹೇಳಿ."

ಫಾರ್ಕರ್ ಇದನ್ನು ನಗದೆ ಹೇಳಿದ. ರಾಜಮನೆತನದವರು ಬೇಸಿಗೆಗೆ ಇಲ್ಲಿಗೆ ಬಂದಾಗ ಅವರ ಉಡುಪನ್ನೆಲ್ಲ ನೋಡಿಕೊಳ್ಳುವವನು ಅವನು. ಕೆಂಪು ಗೆರೆಯ ಈ ಬೂದು ಚೌಕಳಿಯನ್ನು ಅವರು, ಅವರ ಬ್ಯಾಗ್‌ಪೈಪ್ ವಾದ್ಯ ಊದುವವನು ಬಿಟ್ಟರೆ ಇನ್ನಾರೂ ಉಡುವಂತಿಲ್ಲ. ಹೊಲಿದು ಮಿಕ್ಕ ಚೂರನ್ನು ಸಹ ಎಲ್ಸ್‌ಪೆತ್ ಲೆಕ್ಕಕ್ಕೆ ತಪ್ಪದ ಹಾಗೆ ಹಿಂದಿರುಗಿಸುತ್ತಿದ್ದಳು. ಅವಳಿಗೂ ಮುಂಚೆ ಅವಳ ಅಪ್ಪ. ಹಿಂದಿನಿಂದ ನೋಡಿದರೆ ಇಪ್ಪತ್ತೇಳು ನೆರಿಗೆಗಳೂ ಸೇರಿ, ಮಡಿಕೆಯೇ ಬೀಳದ ಬಟ್ಟೆಯ ಹಾಗೆ ಚೌಕಳಿ ಕೂಡಿಕೊಳ್ಳಬೇಕು. ಕೂಡದಿದ್ದರೆ ಅದು ಕಿಲ್ಟ್ ಅಲ್ಲ, ಕುದುರೆಯ ಮೇಲೆ ಹೊದಿಸುವ ಕಂಬಳಿ ಎಂದು ಅಪ್ಪ ಹೇಳುತ್ತಿದ್ದ.

"ಯಾರು ಹೊಲಿದಿದ್ದು ಇದನ್ನ?"

"ರೋನಾ," ಎಂದಳು ಎಲ್ಸ್‌ಪೆತ್.

ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಹಿಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು.

ರೋನಾ ಡಫಸ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನಲವತ್ತಮೂರು ವರ್ಷದವಳು. ಈ ಅಂಗಡಿಗೆ ಸೇರಿ ಹತ್ತೊಂಬತ್ತು ವರ್ಷ. ಫಾರ್ಕರ್ ತಂದಿದ್ದ ಕಿಲ್ಟನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಒಂಬತ್ತನೆಯ ನೆರಿಗೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು. ಆಮೇಲೆ ಸೊಂಟದ ಪಟ್ಟಿಯನ್ನು ಹೊರಳಿಸಿ, ಅದರ ಹಿಂದೆ ಕೂಡಿಸಿದ ಒಳಬಟ್ಟೆ ನೋಡಿದಳು.

ಎಲ್ಸ್‌ಪೆತ್‌ಳ ಕೈ ಮೇಜಿನ ಅಂಚು ಹಿಡಿಯಿತು. ನೆರಿಗೆ ಹೊಲಿದವರು ಒಳಬಟ್ಟೆಯಲ್ಲಿ ಕೆಂಪು ದಾರದಿಂದ ತಮ್ಮ ಹೆಸರಿನ ಎರಡಕ್ಷರ ಹಾಕಬೇಕು ಎಂಬುದು ಅಪ್ಪ ಮಾಡಿದ ನಿಯಮ. ಇ. ಎಂ., ಎಲ್ಸ್‌ಪೆತ್ ಮಿಲ್ನ್. ಅವಳೇ ಹಾಕಿದ್ದಳು, ಆಗಸ್ಟ್‌ನಲ್ಲಿ, ಇದೇ ಮೇಜಿನ ಮುಂದೆ ಕೂತು.

ರೋನಾ ಒಮ್ಮೆ ಅವಳ ಮುಖ ನೋಡಿ, ಪಟ್ಟಿಯನ್ನು ಮತ್ತೆ ಒಳಕ್ಕೆ ಮಡಿಸಿದಳು.

"ತಪ್ಪಾಗಿದೆ," ಎಂದಳು ಫಾರ್ಕರ್‌ಗೆ. "ಸರಿ ಮಾಡ್ಕೊಡ್ತೀವಿ."

"ಭಾನುವಾರ ಚರ್ಚಿಗೆ ಬೇಕು. ಶನಿವಾರ ಹತ್ತಕ್ಕೆ ಬರ್ತೀನಿ." ಅವನು ಟೋಪಿ ಎತ್ತಿಕೊಂಡು ಎಲ್ಸ್‌ಪೆತ್‌ಳ ಕಡೆ ತಿರುಗಿದ. "ಇನ್ನೊಂದ್ ಮಾತು. ವಸಂತಕ್ಕೆ ಅರಮನೇಲಿ ಮದುವೆ ಇದೆಯಲ್ಲ, ಆ ಐದು ಕಿಲ್ಟು. ಅದಕ್ಕೆ ಇದನ್ನ ಹೊಲಿದವ್ರು ಕೈ ಹಾಕೋದು ಬೇಡ ಅಂದಿದ್ದಾರೆ ದೊಡ್ಡಮ್ಮಾವ್ರು. ನಾನ್ ಹೇಳ್ತಿರೋದಲ್ಲ."

ಆ ಐದರಲ್ಲಿ ಮದುಮಗನದನ್ನು ರೋನಾ ಹೊಲಿಯಲಿ ಎಂದು ಎಲ್ಸ್‌ಪೆತ್ ಈಸ್ಟರ್‌ನಲ್ಲೇ ಮಾತು ಕೊಟ್ಟಿದ್ದಳು. ರೋನಾ ಅದನ್ನು ಅಂಚೆಯವನಿಗೂ ಹೇಳಿಕೊಂಡಿದ್ದಳು.

"ಹೇಳ್ತೀನಿ ಅವ್ಳಿಗೆ," ಎಂದಳು ಎಲ್ಸ್‌ಪೆತ್, ರೋನಾ ಎರಡು ಮಾರು ದೂರದಲ್ಲಿ ನಿಂತಿಲ್ಲವೇನೋ ಎಂಬಂತೆ.

ಕಾರು ಹೋಯಿತು. ರೋನಾ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು. ಒಂಬತ್ತನೆಯದನ್ನು ಸರಿಸಿದರೆ ಅದರ ಮುಂದಿನ ಹದಿನೆಂಟನ್ನೂ ಸರಿಸಬೇಕು.

"ಹುಡ್ಗೀ, ನಾನು..." ಎಂದಳು ಎಲ್ಸ್‌ಪೆತ್.

"ಬೆಳಕಿಗೆ ಅಡ್ಡ ನಿಲ್ಬೇಡಿ."

ಎಲ್ಸ್‌ಪೆತ್ ಸರಿದು ನಿಂತಳು. ಮಧ್ಯಾಹ್ನ ರೋನಾ ಡಬ್ಬಿ ತೆಗೆದು, ಚೀಸ್ ಸವರಿದ ಓಟ್ಸ್ ಬಿಸ್ಕತ್ತನ್ನು ಒಬ್ಬಳೇ ತಿಂದಳು. ನಾಲ್ಕು ತಂದಿದ್ದಳು, ದಿನದ ಹಾಗೆ. ಎಲ್ಸ್‌ಪೆತ್‌ಳ ಪಾಲಿನ ಎರಡು ಡಬ್ಬಿಯಲ್ಲೇ ಉಳಿದವು.

"ಎಷ್ಟ್ ದಿನದಿಂದ ಗೊತ್ತು ನಿಂಗೆ?" ಎಂದು ಕೇಳಿದಳು ಎಲ್ಸ್‌ಪೆತ್ ಸಂಜೆಯ ಹೊತ್ತಿಗೆ.

"ಯಾವ್ದು?"

"ಕಣ್ಣು."

ರೋನಾ ದಾರ ಕಚ್ಚಿ ತುಂಡು ಮಾಡಿದಳು. "ದಿನಾ ಬೆಳಿಗ್ಗೆ ಏಳು ಸೂಜಿಗೆ ದಾರ ಪೋಣಿಸಿ ಚುಚ್ಚಿಡ್ತೀನಲ್ಲ, ಯಾರಿಗೆ ಅಂದ್ಕೊಂಡ್ರಿ? ನನ್ ಸೂಜಿಗೆ ನಾನು ಬೇಕಾದಾಗ ಪೋಣಿಸ್ಕೋತೀನಿ."

ಎಲ್ಸ್‌ಪೆತ್ ಸೂಜಿ ಚುಚ್ಚುವ ಪುಟ್ಟ ದಿಂಬಿನ ಕಡೆ ನೋಡಿದಳು. ರೋನಾ ಹಾಗೆ ಚುಚ್ಚಿಡತೊಡಗಿ ವರ್ಷದ ಮೇಲಾಗಿತ್ತು. ರೋನಾಳ ಅಭ್ಯಾಸ ಒಳ್ಳೆಯದು, ಇದರಿಂದ ಹೊತ್ತು ಉಳಿಯುತ್ತದೆ ಎಂದು ಒಮ್ಮೆ ಹೊಗಳಿಯೂ ಇದ್ದಳು. ಫಾರ್ಕರ್‌ನ ಮುಂದೆ ಆಡಿದ ಸುಳ್ಳಿಗಿಂತ ಆ ಹೊಗಳಿಕೆ ಹೆಚ್ಚು ಚುಚ್ಚಿತು.

ಎರಡು ದಿನ ರೋನಾ ಹೊಲಿಯುತ್ತಲೇ ಇದ್ದಳು. ಗೋಡೆಯ ಮೇಲೆ ಫೋನ್ ಇತ್ತು. ಫಾರ್ಕರ್‌ಗೆ ನಿಜ ಹೇಳಿಬಿಡೋಣವೆಂದು ಎಲ್ಸ್‌ಪೆತ್ ಎರಡು ಸಲ ಅದರ ಹತ್ತಿರ ಹೋದಳು. ಒಂದು ಸಲ ಧೂಳು ಒರೆಸಿದಳು. ಇನ್ನೊಂದು ಸಲ ಅದರ ಪಕ್ಕದ ಕ್ಯಾಲೆಂಡರ್ ನೆಟ್ಟಗೆ ಮಾಡಿದಳು.

ಶನಿವಾರ ಒಂಬತ್ತಕ್ಕೆ ರೋನಾ ಕೊನೆಯ ನೆರಿಗೆಗೆ ಇಸ್ತ್ರಿ ಹಾಕಿ, ಕಿಲ್ಟನ್ನು ಮೇಜಿನ ಮೇಲಿಟ್ಟಳು.

"ನೆರಿಗೆ ಮುಗೀತು. ಒಳಗಿನ ಅಕ್ಷರ ನಾನು ಮುಟ್ಟಿಲ್ಲ."

"ಅದನ್ನೂ ನೀನೇ..."

"ನಿಮ್ದನ್ನ ನೀವು ಬಿಚ್ಚಿ, ಎಲ್ಸ್‌ಪೆತ್." ಅವಳು ಕೋಟು ಹಾಕಿಕೊಂಡಳು. "ಹಾಲು ತರ್ಬೇಕು. ಫಾರ್ಕರ್ ಬಂದು ಹೋದ್ಮೇಲೆ ಬರ್ತೀನಿ. ಇನ್ನೊಂದ್ ಸಲ ಆತನ ಮುಂದೆ ನಿಲ್ಲೋಕೆ ನಂಗಾಗಲ್ಲ."

ಬಾಗಿಲು ಮುಚ್ಚಿತು. ದಿಂಬಿನಲ್ಲಿ ಏಳು ಸೂಜಿಗಳು ಬೂದು ದಾರದೊಂದಿಗೆ ನಿಂತಿದ್ದವು, ದಿನದ ಹಾಗೆ. ಕೆಂಪು ದಾರದ ಉಂಡೆಯ ಪಕ್ಕದ ಸೂಜಿ ಮಾತ್ರ ಬರಿದಾಗಿತ್ತು.

ಎಲ್ಸ್‌ಪೆತ್ ತನ್ನ ಎರಡಕ್ಷರವನ್ನು ಬೆರಳಿನಿಂದಲೇ ಹುಡುಕಿ, ಸಣ್ಣ ಕತ್ತರಿಯ ಮೊನೆಯಿಂದ ಬಿಚ್ಚಿದಳು. ದಾರ ಬಂತು, ತೂತುಗಳು ಉಳಿದವು. ಆಮೇಲೆ ಬರಿಯ ಸೂಜಿಯನ್ನು ಕಿಟಕಿಗೆ ಎತ್ತಿ ಹಿಡಿದಳು. ದಾರ ಆಚೆ ಹೋಯಿತು, ಈಚೆ ಬಂತು. ತುದಿಯನ್ನು ನಾಲಗೆಗೆ ತಾಗಿಸಿ ಮತ್ತೆ ಹಿಡಿದಳು. ಹನ್ನೊಂದನೆಯ ಸಲಕ್ಕೆ ಪೋಣಿಸಿಕೊಂಡಿತು. ಹಳೆಯ ತೂತುಗಳ ಮೇಲೆಯೇ ಮೊದಲು ಆರ್, ಆಮೇಲೆ ಡಿ ಹಾಕಿದಳು. ಎರಡೂ ಸೊಟ್ಟವಾದವು. ಡಿ ಒಂದು ಕಡೆಗೆ ವಾಲಿ ಆರ್ ಅನ್ನು ತುಳಿಯಿತು. ಇಂಥ ಹೊಲಿಗೆ ರೋನಾಳ ಕೈಯದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಎಲ್ಸ್‌ಪೆತ್ ಬಿಚ್ಚಿ ತಿದ್ದಲು ಕತ್ತರಿ ಎತ್ತಿದಳು. ಹಾಗೇ ಕೆಳಗಿಟ್ಟಳು.

ಹೊರಗೆ ಕಾರು ನಿಂತ ಸದ್ದಾಯಿತು.

ಕಿಲ್ಟನ್ನು ಕೊಡುವಾಗ ನೆರಿಗೆ ಮೇಲೆ ಬರುವ ಹಾಗೆ, ಒಳಬಟ್ಟೆ ಒಳಗೇ ಇರುವ ಹಾಗೆ ಮಡಿಸುವುದು ವಾಡಿಕೆ. ಎಲ್ಸ್‌ಪೆತ್ ಅದನ್ನು ತಿರುವಿ, ಒಳಬಟ್ಟೆ ಹೊರಗೆ ಮಾಡಿ ಮಡಿಸಿದಳು. ಈ ಹೊಲಿಗೆ ಯಾರದೆಂದು ಫಾರ್ಕರ್ ಕೇಳಲೇಬೇಕು ಎಂದು, ಕೆಂಪು ಅಕ್ಷರಗಳು ಬಾಗಿಲ ಕಡೆಗೆ ಬರುವಂತೆ ಮೇಜಿನ ನಡುವೆ ಇಟ್ಟು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತಳು.