ನೋಯದ ಎಡಗಾಲು

ನನ್ನ ಗಂಡನ ಎಡಗಾಲಿನ ನೋವು ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಯಿತು. ಬೇರೆ ಯಾವ ಹೆಂಡತಿಯಾಗಿದ್ದರೂ ಸದ್ಯ, ಪೀಡೆ ತೊಲಗಿತು ಎಂದು ಹಗುರಾಗುತ್ತಿದ್ದಳೇನೋ. ನನ್ನ ತಲೆಗೆ ಮಾತ್ರ ಹುಳ ಹೊಕ್ಕಿತು.

ಏಕೆಂದರೆ ಆ ನೋವಿನ ಪೂರ್ತಿ ಜಾತಕ ನನಗೆ ಗೊತ್ತಿತ್ತು. ಅವರು ಟೈಲ್ಸ್ ಗೋದಾಮಿನಲ್ಲಿ ಸ್ಟೋರ್ ಕೀಪರ್. ನಾವಿರುವುದು ಊರಿನ ಈ ತುದಿ, ಗೋದಾಮಿರುವುದು ಆ ತುದಿ, ನಡುವೆ ಇರುವುದೆಲ್ಲ ಸಿಗ್ನಲ್ಲು, ಲಾರಿ, ಅಗೆದು ಹಾಗೇ ಬಿಟ್ಟ ರಸ್ತೆ. ಕಾರೋ, ಗೇರು ಹಾಕಿ ಓಡಿಸುವ ಹಳೇ ಕಾಲದ್ದು. ಕ್ಲಚ್ಚು ತುಳಿ, ಬಿಡು, ಅರ್ಧ ತುಳಿದು ಹಾಗೇ ಹಿಡಿದುಕೋ, ಒಂದು ಮಾರು ಮುಂದೆ ಹೋಗು, ಮತ್ತೆ ತುಳಿ. ಬೆಳಿಗ್ಗೆ ಹೀಗೆ ಊರು ದಾಟಿ, ಸಂಜೆ ಹೀಗೇ ವಾಪಸು ಬರುವಷ್ಟರಲ್ಲಿ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ತನಕ ಅಂಗಾಲು ಉರಿಯುತ್ತಿತ್ತು. ಡಾಕ್ಟರು ಗಾಬರಿಯೇನಿಲ್ಲ, ಕಾಲಿಗೆ ವಿಶ್ರಾಂತಿ ಕೊಡಿ ಎಂದಿದ್ದರು. ಹಾಗಾದರೆ ಕ್ಲಚ್ಚು ನೀವು ಬಂದು ತುಳಿಯುತ್ತೀರಾ ಎಂದು ನಾನು ಕೇಳಿದ್ದೆ. ಡಾಕ್ಟರು ನಗಲಿಲ್ಲ. ಕ್ಲಚ್ಚಿಲ್ಲದ ಕಾರು ತಗೊಳ್ಳಿ ಎಂದು ಉಪದೇಶ ಮಾಡುವವರಿಗೂ ಬರವಿರಲಿಲ್ಲ. ಹೇಳುವವರ ಗಂಟೇನು ಹೋಗುತ್ತದೆ?

ಹಾಗಾಗಿ ಸಂಜೆ ಅವರು ಬಂದು ಸೋಫಾದ ಮೇಲೆ ಒರಗಿದರೆ ಎಡಗಾಲು ನನ್ನ ಮಡಿಲಿಗೆ ಬರುತ್ತಿತ್ತು. ಎಣ್ಣೆ ಬೆಚ್ಚಗೆ ಮಾಡಿಕೊಂಡು ಹೆಬ್ಬೆರಳಿನಿಂದ ಒತ್ತಬೇಕು. ನಾನು ಪರದೆ ಅಂಗಡಿಯಲ್ಲಿ ಹೊಲಿಗೆಯವಳು. ಇಡೀ ದಿನ ದಪ್ಪ ಬಟ್ಟೆ ಎಳೆದಾಡಿ ಕೈ ಸೋತಿರುತ್ತಿತ್ತು. ಆದರೂ ಒತ್ತುತ್ತಿದ್ದೆ. ಅದಕ್ಕೊಂದು ಕಾರಣವಿತ್ತು. ನನ್ನ ಗಂಡ ಹೂಂ, ಉಹೂಂಗಳಲ್ಲಿ ಸಂಸಾರ ಮಾಡಿದ ಮನುಷ್ಯ. ಆ ಅರ್ಧ ಗಂಟೆ ಮಾತ್ರ ಅವರ ಬಾಯಿ ಬಿಚ್ಚುತ್ತಿತ್ತು. ಗೋದಾಮಿನ ಮ್ಯಾನೇಜರ್ ಒಡೆದ ಟೈಲ್ಸಿನ ತಪ್ಪನ್ನು ಯಾರ ತಲೆಗೆ ಕಟ್ಟಿದ, ಹಾಸ್ಟೆಲಿನಲ್ಲಿರುವ ಮಗಳು ಫೋನಿನಲ್ಲಿ ಏನು ಮುಚ್ಚಿಡುತ್ತಿರಬಹುದು, ಚಿಕ್ಕಂದಿನಲ್ಲಿ ತಮ್ಮ ಅಪ್ಪ ಹೇಗೆ ಹೆದರಿಸುತ್ತಿದ್ದರು, ಎಲ್ಲ ಆಗಲೇ. ಕಾಲು ಕೆಳಗಿಳಿಸಿದರೆ ಬಾಯಿಗೆ ಬೀಗ ಬೀಳುತ್ತಿತ್ತು.

ಅಂಥದ್ದರಲ್ಲಿ ಒಂದು ಸಂಜೆ ನಾನು ಎಣ್ಣೆ ಬಟ್ಟಲು ತಂದರೆ, ಬೇಡ, ಈಗ ನೋವೇ ಇಲ್ಲ ಎಂದರು. ಮಾರನೆಯ ದಿನವೂ ಅದೇ. ಕಾರು ಅದೇ, ರಸ್ತೆ ಅದೇ, ಲಾರಿಗಳೂ ಅವೇ. ಒಂದು ಮಾತ್ರೆ ನುಂಗಿಲ್ಲ, ಒಂದು ದಿನ ರಜೆ ಹಾಕಿಲ್ಲ. ವರ್ಷಗಟ್ಟಲೆ ಕಾಡಿದ ನೋವು ಹೇಳದೆ ಕೇಳದೆ ಎದ್ದು ಹೋಗುತ್ತದೆಯೇ? ನಾನು ಅಷ್ಟು ಪೆದ್ದಿಯಲ್ಲ.

ನನ್ನ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳಿಗೆ ಎಲ್ಲವೂ ತಮಾಷೆ. ಕಾಲು ಒತ್ತುವವರು ಬೇರೆ ಯಾರೋ ಸಿಕ್ಕಿರಬೇಕು ಬಿಡು ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಆ ಮಾತನ್ನೇ ಮತ್ತೆ ಮತ್ತೆ ತಿರುವಿ ಹಾಕಿದೆ.

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಮೊದಲೆಲ್ಲ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಸಾಕು, ಅಯ್ಯಪ್ಪಾ ಎಂದು ಗೋಡೆ ಹಿಡಿದು ನಡೆಯುತ್ತಿದ್ದವರು, ಈಗ ನನಗಿಂತ ಮುಂಚೆ ಎದ್ದು ಬಾಲ್ಕನಿ ಸೇರಿರುತ್ತಿದ್ದರು. ಅಷ್ಟು ಬೆಳಿಗ್ಗೆ ಬಾಲ್ಕನಿಯಲ್ಲಿ ಏನು ಕೆಲಸ? ನಾನು ಹೋದರೆ ಮೊಬೈಲು ಜೇಬಿಗೆ ಹೋಗುತ್ತಿತ್ತು. ಸಂಜೆ ಬರುವುದು ತಡವಾಗತೊಡಗಿತು. ಟ್ರಾಫಿಕ್ಕು ಎನ್ನುತ್ತಿದ್ದರು. ಆ ಟ್ರಾಫಿಕ್ಕು ಇಷ್ಟು ವರ್ಷ ಎಲ್ಲಿತ್ತು ಎಂದು ನಾನು ಕೇಳಲಿಲ್ಲ. ಕೇಳಿದರೆ ಕಳ್ಳ ಹುಷಾರಾಗುತ್ತಾನೆ.

ಒಂದು ಭಾನುವಾರ ಕಾರು ಗುಡಿಸುವ ನೆಪ ಮಾಡಿಕೊಂಡು ಕೆಳಗಿಳಿದೆ. ಸೀಟಿನ ಸಂದಿಯಲ್ಲಿ ಉದ್ದ ಕೂದಲೇನಾದರೂ ಸಿಗುತ್ತದೆಯೇ ಎಂದು ಹುಡುಕಿದ್ದು ನಿಜ, ಸಿಕ್ಕಿದ್ದೆಲ್ಲ ನನ್ನವೇ. ಆದರೆ ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದಾಗ ಒಂದು ಚೆಂಡು ಉರುಳಿ ಬಂತು. ಮಕ್ಕಳು ಆಡುವ ಹಳದಿ ರಬ್ಬರ್ ಚೆಂಡು. ನಮ್ಮ ಮನೆಯಲ್ಲಿ ಚೆಂಡು ಆಡುವ ವಯಸ್ಸಿನವರು ಯಾರೂ ಇಲ್ಲ. ಚೆಂಡನ್ನು ಮೊದಲಿದ್ದಲ್ಲೇ ಇಟ್ಟು, ಮೇಲೆ ಬಂದು, ಏನೂ ಆಗದವಳ ಹಾಗೆ ಪಾತ್ರೆ ತೊಳೆದೆ.

ಮೊದಲ ಮಹಡಿಗೆ ಹೊಸದಾಗಿ ಒಬ್ಬ ಬ್ಯಾಂಕಿನವಳು ಬಂದಿದ್ದಳು. ಅವಳಿಗೊಂದು ಚಿಕ್ಕ ಮಗು. ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆಂದು ಅವಳೇ ಹೇಳಿಕೊಂಡಿದ್ದಳು, ಆ ಗಂಡನನ್ನು ಕಂಡವರು ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗ ಅವಳು ನನ್ನ ಗಂಡನನ್ನು ನೋಡಿ ನಗುತ್ತಿದ್ದಳು. ನನ್ನನ್ನು ನೋಡಿಯೂ ನಗುತ್ತಿದ್ದಳು ಅನ್ನಿ, ಆದರೆ ಆಗ ನನ್ನ ಲೆಕ್ಕ ಒಂದೇ ಕಡೆಗೆ ಓಡುತ್ತಿತ್ತು.

ಒಂದು ಸಂಜೆ ವಾಚ್‌ಮನ್ ಹತ್ತಿರ ಗೇಟಿನ ಹೊಸ ಬೀಗದ ವಿಷಯ ಮಾತಾಡುತ್ತಾ ನಮ್ಮವರು ಇನ್ನೂ ಬಂದಿಲ್ಲವಲ್ಲ ಎಂದು ಸುಮ್ಮನೆ ಬಿಟ್ಟೆ. ಅವನು ಪಿಳಿಪಿಳಿ ಕಣ್ಣು ಬಿಟ್ಟ. ಸಾರ್ ಕಾರು ಆಗಲೇ ಒಳಗೆ ಹೋಯಿತಲ್ಲ, ದಿನಾ ಇದೇ ಹೊತ್ತಿಗೇ ಬರುತ್ತದಲ್ಲ ಎಂದ. ಅಂದರೆ ಟ್ರಾಫಿಕ್ಕೂ ಇಲ್ಲ, ಗೋದಾಮೂ ಇಲ್ಲ. ಆಸಾಮಿ ಇದೇ ಕಟ್ಟಡದೊಳಗಿದ್ದು ನನ್ನ ಮನೆಗೆ ಬರುತ್ತಿರಲಿಲ್ಲ. ನಮ್ಮ ಅರ್ಧ ಗಂಟೆಯನ್ನು ಯಾರೋ ಕದ್ದಿದ್ದಾರೆ ಎಂದು ಅನ್ನಿಸಿ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು.

ಮೊದಲು ಮೊದಲ ಮಹಡಿಯ ಬಾಗಿಲಿಗೆ ಕಿವಿ ಕೊಟ್ಟೆ. ಒಳಗೆ ಮಗು ಊಟ ಬೇಡವೆಂದು ರಂಪ ಮಾಡುತ್ತಿತ್ತು, ತಾಯಿ ಗದರುತ್ತಿದ್ದಳು. ಗಂಡಸಿನ ದನಿ ಇಲ್ಲ. ಹಾಗಾದರೆ ಕಾರಿನಲ್ಲೇ ಕೂತು ಫೋನಿನಲ್ಲಿ ಯಾರೊಂದಿಗೋ ಹರಟುತ್ತಿರಬೇಕು ಎಂದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನೆಲಮಾಳಿಗೆಗೆ ಇಳಿದೆ. ನಮ್ಮ ಕಾರು ಮೂಲೆಯ ಕಂಬದ ಪಕ್ಕ ನಿಂತಿತ್ತು. ಒಳಗಿನ ದೀಪ ಉರಿಯುತ್ತಿತ್ತು, ಡ್ರೈವರ್ ಕಡೆಯ ಬಾಗಿಲು ತೆರೆದಿತ್ತು.

ನನ್ನ ಗಂಡ ಒಬ್ಬರೇ ಇದ್ದರು. ಹೊರಕ್ಕೆ ತಿರುಗಿ ಕೂತು, ಎಡಗಾಲಿನ ಬೂಟು, ಕಾಲುಚೀಲ ಕಳಚಿಟ್ಟು, ಆ ಹಳದಿ ಚೆಂಡನ್ನು ಅಂಗಾಲಿನ ಕೆಳಗಿಟ್ಟು ನೆಲಕ್ಕೆ ಒತ್ತಿ ಒತ್ತಿ ಉರುಳಿಸುತ್ತಿದ್ದರು. ಒಂದೊಂದು ಸಲ ಉರುಳಿಸಿದಾಗಲೂ ಮುಖ ಕಿವುಚಿಕೊಳ್ಳುತ್ತಿದ್ದರು. ದನಿ ಹೊರಡದಿರಲೆಂದು ತುಟಿ ಕಚ್ಚಿಕೊಂಡಿದ್ದರು. ನೋವು ಎಲ್ಲಿಗೂ ಹೋಗಿರಲಿಲ್ಲ, ಮೊದಲಿಗಿಂತ ಹೆಚ್ಚೇ ಆಗಿತ್ತು. ಬೆಳಿಗ್ಗೆ ಮುಂಚೆ ಎದ್ದು ಬಾಲ್ಕನಿ ಸೇರುತ್ತಿದ್ದುದು ಕುಂಟುವುದನ್ನು ಮರೆಮಾಡಲು, ಮೊಬೈಲಿನಲ್ಲಿ ನೋಡುತ್ತಿದ್ದುದು ಇಂಥ ಉಪಾಯಗಳನ್ನು ಎಂದು ಆಗ ಹೊಳೆಯಿತು.

ಒಂದು ಕ್ಷಣ ನನಗೆ ಹೋದ ಜೀವ ಬಂದಂತಾಯಿತು. ಯಾವ ಹೆಂಗಸೂ ಇಲ್ಲ, ಯಾವ ಮಗುವೂ ಇಲ್ಲ. ನಗು ತಡೆಯಲಾಗದೆ ಕಂಬದ ಮರೆಯಿಂದ ಈಚೆ ಬಂದೆ. ಅವರು ಕಕ್ಕಾಬಿಕ್ಕಿಯಾಗಿ ಕಾಲನ್ನು ಒಳಕ್ಕೆಳೆದುಕೊಂಡರು. ಇದೇನು ಕಳ್ಳಾಟ, ಮನೆಯಲ್ಲಿ ನಾನಿಲ್ಲವೇ, ಚೆಂಡಿನ ಹತ್ತಿರ ಯಾಕೆ ಕಾಲು ಒತ್ತಿಸಿಕೊಳ್ಳುತ್ತಿದ್ದೀರಿ ಎಂದು ಕೇಳಿದೆ. ಅವರು ಬೂಟಿನ ದಾರ ಸರಿಮಾಡತೊಡಗಿದರು.

"ನೋವಿಲ್ಲ ಅಂತ ನಿಂಗೆ ಹೇಳಿದ ದಿನ ಬೆಳಿಗ್ಗೆ ಕಾರಿನ ಬೀಗದಕೈ ಮರೆತು ವಾಪಸ್ ಬಂದಿದ್ದೆ," ಎಂದರು. "ನೀನು ನಿಮ್ಮಕ್ಕನ ಜೊತೆ ಫೋನಲ್ಲಿದ್ದೆ. ಈ ಕಾಲಿನ ಚಾಕರಿಯಿಂದ ನಂಗೆ ಯಾವತ್ತು ಬಿಡುಗಡೆನೋ, ಮುಟ್ಟಿದ್ರೆ ಮೈಯೆಲ್ಲಾ ಉರಿಯುತ್ತೆ ಅಂದೆ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿಗೆ ಬರಲಿಲ್ಲ. ಅಕ್ಕನನ್ನು ನಗಿಸಲು ದಿನಕ್ಕೆ ಅಂಥ ನೂರು ಮಾತು ಆಡುತ್ತೇನೆ, ನನ್ನ ನಾಲಿಗೆಗೆ ಲಗಾಮಿಲ್ಲವೆಂದು ಮನೆಮಂದಿಗೆಲ್ಲ ಗೊತ್ತು.

"ತಮಾಷೆಗೆ ಅಂದಿರ್ತೀನಿ ರೀ. ನಗ್ತಾ ಹೇಳಿರ್ತೀನಿ."

"ಹೌದು, ನಗ್ತಾನೇ ಹೇಳಿದೆ. ಅದಕ್ಕೇ ನಿಜ ಅನ್ನಿಸ್ತು."

ಕೈ ಸೋತ ಸಂಜೆಗಳಲ್ಲಿ ಆ ಕಾಲನ್ನು ಕಂಡು ಒಳಗೊಳಗೇ ಶಪಿಸಿದ್ದೂ ಸುಳ್ಳಲ್ಲ. ನಾನು ನೆಲದ ಮೇಲೆ ಕೂತು ಅವರ ಕಾಲಿಗೆ ಕೈ ಚಾಚಿದೆ. ಅವರು ಹಿಂದಕ್ಕೆ ಸರಿಸಿಕೊಂಡರು. ಸಿಟ್ಟಿನಿಂದಲ್ಲ, ಅಪರಿಚಿತರಿಗೆ ಜಾಗ ಬಿಡುವ ಹಾಗೆ.

"ಬೇಡ ಬಿಡು. ನಂಗೀಗ ಇದೇ ರೂಢಿಯಾಗಿದೆ. ಇಲ್ಲಿ ಒಬ್ಬನೇ ಸ್ವಲ್ಪ ಹೊತ್ತು ಕೂತರೆ ಆರಾಮಾಗುತ್ತೆ. ನೀನು ಮೇಲೆ ಹೋಗಿರು, ನಾನು ಬರ್ತೀನಿ."

ಬಂದ ಮೇಲಾದರೂ ಮೊದಲಿನ ಹಾಗೆ ಕೂತು ಮಾತಾಡೋಣವೇ ಎಂದು ಕೇಳಿದೆ. ಮಾತಾಡುವುದಕ್ಕೆ ಏನಿದೆ ಎಂದರು. ಚುಚ್ಚಲು ಹೇಳಿದ್ದಲ್ಲ, ನಿಜವಾಗಿಯೂ ಅವರಿಗೆ ಏನೂ ಹೊಳೆದಿರಲಿಲ್ಲ. ಅವರು ಚೆಂಡನ್ನು ಮತ್ತೆ ಅಂಗಾಲಿನ ಕೆಳಗೆ ಸರಿಸಿಕೊಂಡು, ನಾನು ಹೋಗುವುದನ್ನೇ ಕಾಯುತ್ತಾ ಕೂತರು.

ನಾನು ಮೆಟ್ಟಿಲು ಹತ್ತಿದೆ. ಮೊದಲ ಮಹಡಿಯಲ್ಲಿ ಬ್ಯಾಂಕಿನವಳ ಬಾಗಿಲ ಮುಂದೆ ಕಾಲು ತಾನಾಗಿ ನಿಂತಿತು. ಒಳಗೆ ಮಗು ಸುಮ್ಮನಾಗಿತ್ತು. ಕದ್ದವಳು ಇವಳೇ ಆಗಿದ್ದರೆ ಬಾಗಿಲು ಬಡಿದು, ಜುಟ್ಟು ಹಿಡಿದು, ಬೀದಿ ರಂಪ ಮಾಡಿಯಾದರೂ ನನ್ನ ಗಂಡನನ್ನು ಎಳೆದುಕೊಂಡು ಹೋಗುತ್ತಿದ್ದೆ. ಅಷ್ಟು ದಿನ ಅದಕ್ಕಾಗಿ ಒಳಗೊಳಗೇ ಟೊಂಕ ಕಟ್ಟಿ ನಿಂತಿದ್ದೆ. ಈಗ ಯಾರ ಬಾಗಿಲು ಬಡಿಯಬೇಕೋ ಗೊತ್ತಾಗಲಿಲ್ಲ. ಮನೆಗೆ ಹೋಗಿ, ಬಾಗಿಲು ತೆರೆದಿಟ್ಟು, ಅವರು ಬರುವುದನ್ನು ಕಾಯುತ್ತಾ ಕೂತೆ.